ಕೂಲಿಯ ಹಿಡಿತ

ಶಿಡ್ಲಘಟ್ಟದ ಕಡೆ ಮೇಲೂರಿನ ಸುತ್ತಮುತ್ತ ಸಂಚರಿಸಿದವರು ಹಿಪ್ಪುನೇರಳೆಯ ತೋಟಗಳನ್ನು ಕಂಡೇ ಇರುವಿರಿ. ಆ ಸೀಮೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಯನ್ನು ಸೇರಿ, ಬಿಸಿನೀರಿನಲ್ಲಿ ಬೆಂದು, ನೂಲಾಗಿ ಹೊರಬೀಳುತ್ತದೆ. ಉಡುವ ಸೀರೆಯ ಬೆಲೆಯನ್ನು ನಾವೆಲ್ಲ ಬಲ್ಲೆವು. ಆ ಎಳೆಯನ್ನು ಬಿಚ್ಚಿದ ಕೈಗೆ ಕೂಲಿ ಪೂರ್ತಿಯಾಗಿ ಸಂದಿತೇ ಎಂದು ವಿಚಾರಿಸುವವರು ವಿರಳ. ಈ ಹೊತ್ತು ಆ ವಿಚಾರದ ಚರಿತ್ರೆಯನ್ನೇ ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ವಿಷಯವೇನೋ ಪುರಾತನವಾದುದು. ವೇತನವನ್ನು ಕೊಡದ ಒಡೆಯನಿಗೆ ಹತ್ತರಲ್ಲೊಂದು ಪಾಲು ಅಥವಾ 6 ಪಣ ದಂಡವೆಂದು ಕೌಟಿಲ್ಯನು ವಿಧಿಸಿದನು. ಕೊಡಬೇಕಾದದ್ದೇ ಇಲ್ಲವೆಂದು ನಿರಾಕರಿಸಿದರೆ ಐದರಲ್ಲೊಂದು ಪಾಲು ಅಥವಾ 12 ಪಣ. ತಡೆದು ನಿಲ್ಲಿಸುವುದಕ್ಕಿಂತ ಸುಳ್ಳಾಡುವುದು ಹೆಚ್ಚಿನ ಅಪರಾಧವೆಂಬ ಈ ತಾರತಮ್ಯ ನನಗೆ ಬಹಳ ಮೆಚ್ಚುಗೆಯಾದುದು. ಇಂಗ್ಲೆಂಡಿನಲ್ಲಿ ಕೂಲಿಗೆ ಬದಲಾಗಿ ಒಡೆಯನ ಅಂಗಡಿಯ ಸಾಮಾನು ಕೊಡುವ ಪದ್ಧತಿಯನ್ನು ಅನೇಕ ಕಸಬುಗಳಲ್ಲಿ ನಿಷೇಧಿಸಿ, ನಾಣ್ಯವನ್ನೇ ಕೊಡಬೇಕೆಂದು ವಿಧಿಸಿದ ಟ್ರಕ್ ಕಾಯಿದೆ ಹುಟ್ಟಿದ್ದು 1831ರಲ್ಲಿ.

ನಮ್ಮ ದೇಶದಲ್ಲಿ ಕಾರ್ಖಾನೆಗಳು ಬೆಳೆದಂತೆ ಜುಲ್ಮಾನೆಯೂ ಬೆಳೆಯಿತು. ತಡವಾಗಿ ಬಂದರೆ ಜುಲ್ಮಾನೆ, ಮಾಲು ಕೆಟ್ಟರೆ ಜುಲ್ಮಾನೆ. 1929ರಲ್ಲಿ ನೇಮಕವಾದ ವಿಟ್ಲಿಯವರ ಅಧ್ಯಕ್ಷತೆಯ ರಾಯಲ್ ಕಮಿಷನ್ 1931ರಲ್ಲಿ ವರದಿಯನ್ನೊಪ್ಪಿಸಿತು; 1936ರಲ್ಲಿ ವೇತನ ಪಾವತಿ ಕಾಯಿದೆ ಬಂದಿತು. ಸಾವಿರಕ್ಕಿಂತ ಕಡಮೆ ಜನರಿರುವ ಕಡೆ ಅವಧಿ ಮುಗಿದ 7ನೆಯ ದಿನದೊಳಗೆ, ಉಳಿದ ಕಡೆ 10ನೆಯ ದಿನದೊಳಗೆ ಸಂಬಳ ಕೈಸೇರಬೇಕು. ಜುಲ್ಮಾನೆಯು ರೂಪಾಯಿಗೆ ಅರ್ಧ ಆಣೆಯನ್ನು, ಎಂದರೆ ಕೂಲಿಯ 32ರಲ್ಲೊಂದು ಪಾಲನ್ನು ಮೀರಕೂಡದು. ಆಪಾದಿತನ ಸಮಾಧಾನವನ್ನು ಕೇಳದೆ ವಿಧಿಸಕೂಡದು. 15 ವರ್ಷ ತುಂಬದವರಿಗೆ ಸರ್ವಥಾ ಕೂಡದು. ವಸೂಲಾದ ಹಣವು ಒಡೆಯನ ಪೆಟ್ಟಿಗೆಗೆ ಹೋಗದೆ ಕೆಲಸಗಾರರ ಹಿತಕ್ಕೇ ವಿನಿಯೋಗವಾಗಬೇಕು. ದಂಡದಿಂದ ಲಾಭವಿಲ್ಲದಿದ್ದರೆ ದಂಡಿಸುವ ಚಪಲವೂ ತಗ್ಗುವುದೆಂಬ ಜಾಣತನ ಈ ಕಡೆಯ ನಿಯಮದಲ್ಲಿದೆ.

ಆದರೆ ಅದೇ ಕಾಯಿದೆಯ ಒಂದು ಮೂಲೆಯಲ್ಲಿ ಮುಳ್ಳೂ ಇತ್ತು. ಹತ್ತು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ, ಮುನ್ಸೂಚನೆ ಕೊಡದೆ, ಸಕಾರಣವಿಲ್ಲದೆ ಗೈರುಹಾಜರಾದರೆ 8 ದಿನಗಳವರೆಗಿನ ಕೂಲಿಯನ್ನು ಹಿಡಿಯಲು ಅವಕಾಶವಿತ್ತು. ಎಡಗೈಯಿಂದ ಕಾಪಾಡಿ ಬಲಗೈಯಿಂದ ಬೆದರಿಸಿದಂತೆ!

ಅದಿರಲಿ, ಈ ಕಾಯಿದೆ ಯಾರನ್ನು ಮುಟ್ಟಿತು? ಮೊದಲಿಗೆ ಕಾರ್ಖಾನೆ ಮತ್ತು ರೈಲ್ವೆಯವರನ್ನು, ಅದೂ ಬ್ರಿಟಿಷ್ ಇಂಡಿಯಾದಲ್ಲಿ. ಮೈಸೂರು ಸಂಸ್ಥಾನ ಅದರ ಎಲ್ಲೆಯಾಚೆಗಿತ್ತು. ಸಂಸ್ಥಾನವು ಒಕ್ಕೂಟದಲ್ಲಿ ಸೇರಿದ ಮೇಲೂ, ಮನೆಯ ಹಿತ್ತಲಲ್ಲಿ ನಾಲ್ಕು ಚರಕ ಹೂಡಿದವನು ಕಾರ್ಖಾನೆಯ ಒಡೆಯನೆನಿಸುವುದೆಂತು? ಅಂಥ ಕಡೆ ಜುಲ್ಮಾನೆಗಿಂತ ಕ್ರೂರವಾದ ಹಿಡಿತವೊಂದುಂಟು: ಮುಂಗಡ. ಮದುವೆಗೋ ಕಾಯಿಲೆಗೋ ತಂದೆ ಪಡೆದ ಸಾಲಕ್ಕೆ ಮಗು ಗೂಡಿನ ಬಾಂಡಲೆಯ ಮುಂದೆ ಕೂರುವುದು. ಕೂಲಿ ಸಾಲಕ್ಕೆ ವಜಾ ಆಗುವುದು, ಸಾಲ ಮಾತ್ರ ಕರಗದು. ಕರ್ನಾಟಕದ ರೇಷ್ಮೆಯ ಕಸಬಿನಲ್ಲಿ ಮಕ್ಕಳ ಈ ಜೀತವು 2003ರಲ್ಲಿಯೂ ಅಂತರರಾಷ್ಟ್ರೀಯ ವರದಿಗೆ ವಸ್ತುವಾಯಿತು. ಜೀತವನ್ನು ರದ್ದುಗೊಳಿಸಿ, ಅಂಥ ಸಾಲವನ್ನೇ ಅಳಿಸಿಹಾಕಿದ ಶಾಸನವು 1976ರಲ್ಲಿಯೇ ಬಂದಿತ್ತೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ದೊಡ್ಡ ಕಾರ್ಖಾನೆಗಳಲ್ಲಿ ಎಲ್ಲವೂ ಸರಿಯಿದೆಯೆನ್ನುವಂತೆಯೂ ಇಲ್ಲ. 2007ರವರೆಗೆ ಮೇಲೂರು ಸೇರಿದ್ದ ಕೋಲಾರ ಜಿಲ್ಲೆಯಲ್ಲಿಯೇ, ನರಸಾಪುರದ ವಿಸ್ಟ್ರಾನ್ ಕಂಪನಿಯ ದೂರವಾಣಿ ಕಾರ್ಖಾನೆಯಲ್ಲಿ, 2020ರ ಡಿಸೆಂಬರ್ 12ರಂದು ಕೆಲಸಗಾರರು ರೊಚ್ಚಿಗೆದ್ದು ಕಿಟಕಿ ಬಾಗಿಲುಗಳನ್ನು ಒಡೆದರು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಒಡೆದುದನ್ನು ನಾನು ಸಮರ್ಥಿಸಲಾರೆ. ಆದರೆ ತಿಂಗಳ ಮೊದಲ ದಿನವೇ ಸಂಬಳ ಎಣಿಸಿಕೊಳ್ಳುವ ನನ್ನಂಥವನು ಅವರಿಗೆ ಸಹನೆಯನ್ನು ಉಪದೇಶಿಸುವುದೂ ಅಷ್ಟೇನೂ ಚೆನ್ನಾಗಿ ತೋರದು.

1936ರ ಕಾಯಿದೆಯ ಜಾಗದಲ್ಲಿ ಈಗ 2019ರ ವೇತನ ಸಂಹಿತೆಯಿದೆ. ಅದು 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಇಷ್ಟು ಸಂಬಳದವರಿಗೆ ಮಾತ್ರವೆಂಬ ಹಳೆಯ ಮಿತಿಯನ್ನು ಅದು ತೆಗೆದುಹಾಕಿತು. ಬಾಕಿಯನ್ನು ಕೇಳಲು 3 ವರ್ಷಗಳ ಅವಧಿ ಕೊಟ್ಟಿತು. ಇನ್ನೊಂದು ವಿಧಿಯುಂಟು: ಕೂಲಿ ಬರಲಿಲ್ಲವೆಂದು ಕೆಲಸಗಾರನು ದೂರಿತ್ತರೆ, ಕೊಟ್ಟಿರುವೆನೆಂದು ರುಜುವಾತುಪಡಿಸುವ ಹೊಣೆ ಒಡೆಯನದು. ಲೆಕ್ಕದ ಪುಸ್ತಕವು ಯಾವಾಗಲೂ ಒಡೆಯನ ಕೈಯಲ್ಲಿಯೇ ಇರುವ ಚರಕದ ಮನೆಯಲ್ಲಿ, ಅಕ್ಷರ ಬಾರದ ಹೆಂಗಸು ಇನ್ನು ಮೇಲೆ ಸಾಕ್ಷಿಯನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಆ ಪುಸ್ತಕವನ್ನು ತೆರೆದು ತೋರಿಸಬೇಕಾದವನು ಅವನು.