ಚೌಕಳಿಯೊಳಗಿನ ನೆರಳು

ನಮ್ಮ ತೇರದಾಳದಲ್ಲಿ ನೆರಳು ಎರಡು ಬಗೆಯದು. ಒಂದು ಸೂರ್ಯ ಕೊಡುವ ನೆರಳು, ಇನ್ನೊಂದು ಎಣಿಸಿ ಮಾಡಿದ ನೆರಳು. 12ನೆಯ ಶತಮಾನದಲ್ಲಿ ಮಾಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿಯಲ್ಲಿ ಮೊದಲನೆಯದನ್ನು ನೋಡಬಹುದು. ಶಿಲ್ಪಿ ಕಲ್ಲನ್ನು ಒಂದು ಬೆರಳಷ್ಟು ಒಳಗೆ ಕೊರೆದರೆ ಸಾಕು, ಕತ್ತಲು ತಾನಾಗಿ ಬಂದು ಅಲ್ಲಿ ಕೂಡುತ್ತದೆ. ನೇಕಾರನಿಗೆ ಆ ಅನುಕೂಲವಿಲ್ಲ. ಅವನ ಬಟ್ಟೆ ಚಪ್ಪಟೆ. ಹೂವಿಗೆ ಉಬ್ಬು ಬೇಕು, ನವಿಲಿನ ಕೊರಳಿಗೆ ದುಂಡು ಬೇಕು ಎಂದರೆ ಕಪ್ಪನ್ನು ಎಳೆಎಳೆಯಾಗಿ ಎಣಿಸಿ ತುಂಬಬೇಕು. ಈ ಎರಡನೆಯ ನೆರಳಿನ ಇತಿಹಾಸವನ್ನು ಯಾರೂ ಅಷ್ಟಾಗಿ ಬರೆದಿಲ್ಲವೆಂದು ನನಗೆ ಅನಿಸುವುದರಿಂದ ಈ ನಾಲ್ಕು ಮಾತು.

ನನ್ನ ಕಾಕಾ ಸೀರೆಯ ದಡಿಗೆ ಗ್ರಾಫ್ ತೆಗೆಯುತ್ತಿದ್ದರು. ತೇರದಾಳ, ರಬಕವಿ, ಬನಹಟ್ಟಿ ಮಗ್ಗದ ಸದ್ದಿನ ಊರುಗಳು. ಅಲ್ಲಿ ನೇಯುವವರನ್ನು ಎಲ್ಲರೂ ಬಲ್ಲರು, ಗ್ರಾಫ್ ತೆಗೆಯುವವರನ್ನು ಬಲ್ಲವರು ಕಡಿಮೆ. ಚೌಕಳಿ ಹಾಳೆಯಲ್ಲಿ ಒಂದೊಂದು ಮನೆಯೂ ಹಾಸಿನ ಎಳೆ ಮತ್ತು ಹೊಕ್ಕಿನ ಎಳೆ ಕೂಡುವ ಒಂದು ಜಾಗ. ಮನೆ ತುಂಬಿದರೆ ಹಾಸು ಮೇಲೇಳಬೇಕು, ಖಾಲಿ ಬಿಟ್ಟರೆ ಕೆಳಗಿರಬೇಕು. ಹಾಳೆಯ ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು. ತುಂಬಿದ ಮನೆಗೆ ತೂತು, ಖಾಲಿ ಮನೆಗೆ ತೂತಿಲ್ಲ. ಮಧ್ಯದ ಮಾತೇ ಇಲ್ಲದ ಲೆಕ್ಕ ಇದು. ಹಾಗಿದ್ದರೆ ಕಪ್ಪಿಗೂ ಬಿಳಿಗೂ ನಡುವಿನ ಬೂದು ಎಲ್ಲಿಂದ ಬರಬೇಕು?

ಅದಕ್ಕೆ ಉತ್ತರ ಸ್ಯಾಟಿನ್ ನೇಯ್ಗೆಯಲ್ಲಿದೆ. ಎಂಟು ಹಾಸು, ಎಂಟು ಹೊಕ್ಕು ಕೂಡಿ 64 ಮನೆ. ಸಾಲಿಗೊಂದರಂತೆ 8 ಮನೆ ತುಂಬಿದರೆ ಬಹಳ ತಿಳಿಯಾದ ಬಣ್ಣ. ಒಂದೊಂದರ ಪಕ್ಕಕ್ಕೆ ಇನ್ನೊಂದು ತುಂಬಿದರೆ 16, ಆಮೇಲೆ 24, ಹೀಗೆ 56ರ ತನಕ. ಎರಡೇ ಬಣ್ಣದ ನೂಲಿನಲ್ಲಿ ಏಳು ಮೆಟ್ಟಿಲಿನ ನೆರಳು! ಆದರೆ ತುಂಬಿದ ಮನೆಗಳು ಓರೆಯಾಗಿ ಒಂದಕ್ಕೊಂದು ತಾಗಿಕೊಂಡು ಸಾಲು ಹಿಡಿದರೆ ಬಟ್ಟೆಯ ಮೇಲೆ ನೆರಳಿನ ಬದಲು ಗೆರೆ ಕಾಣುತ್ತದೆ. ಆದ್ದರಿಂದ ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವಾಗ ಮೂರು ಮನೆ ಜಿಗಿಯಬೇಕು. "ಕಪ್ಪ ಚೆಲ್ಲಬೇಕಪಾ, ಸುರುವಬಾರದು" ಎನ್ನುತ್ತಿದ್ದರು ಕಾಕಾ.

ನೆರಳೆಂದರೆ ಅಲಂಕಾರ ಎಂದು ನಾನು ಬಹಳ ದಿನ ತಿಳಿದಿದ್ದೆ. ಕಾಕಾ ಹಾಗೆ ತಿಳಿದಿರಲಿಲ್ಲ. ದೊಡ್ಡ ಎಲೆಯೊಂದನ್ನು ಪೂರ್ತಿ ಒಂದೇ ಬಣ್ಣದಲ್ಲಿ ಬಿಟ್ಟರೆ ಆ ಎಳೆ ಎಲ್ಲಿಯೂ ಕಟ್ಟಿಲ್ಲದೆ ಉದ್ದಕ್ಕೆ ತೇಲುತ್ತದೆ. ಉಟ್ಟವರ ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತು ಬರುತ್ತದೆ. ಅಂಥ ಸೀರೆಯನ್ನು ವ್ಯಾಪಾರಿ ತಿರುಗಿ ಕಳಿಸಿದರೆ ಹೋಗುವುದು ನೇಕಾರನ ವಾರದ ಕೂಲಿ. ಎಲೆಯ ನಡುವೆ ನೆರಳಿಗೆಂದು ಇಟ್ಟ ಚುಕ್ಕೆಗಳೇ ಆ ಎಳೆಯನ್ನು ಹಿಡಿದು ಕಟ್ಟುವ ಗಂಟುಗಳು. ಕಣ್ಣಿಗೆ ಚೆಂದವಾದದ್ದೇ ಬಟ್ಟೆಗೂ ಬಲ. ಎಷ್ಟು ಕಲೆಗಳಲ್ಲಿ ಹೀಗಿದೆಯೋ ನಾನು ಕಾಣೆ.

ಇನ್ನೊಂದು ಕಟ್ಟುಪಾಡು ದಡಿಯದು. ಸೀರೆಗೆ ಎರಡು ದಡಿ. ಎಡಗಡೆಯದು ಬಲಗಡೆಯದಕ್ಕೆ ಕನ್ನಡಿ ಹಿಡಿದಂತೆ ತಿರುಗಿ ಬರುತ್ತದೆ. ಎಡದಿಂದ ಬೆಳಕು ಬಿದ್ದಂತೆ ಹೂವಿಗೆ ನೆರಳು ಕೊಟ್ಟರೆ ಆಚೆ ದಡಿಯಲ್ಲಿ ಬೆಳಕು ಬಲದಿಂದ ಬರುತ್ತದೆ. ಒಂದೇ ಸೀರೆಗೆ ಇಬ್ಬರು ಸೂರ್ಯರು! ಅದಕ್ಕಾಗಿ ಕಾಕಾ ಬೆಳಕನ್ನು ಸೆರಗಿನ ಕಡೆಯಿಂದ ತರುತ್ತಿದ್ದರು. ಸೀರೆಯ ಉದ್ದದ ದಿಕ್ಕು ಕನ್ನಡಿಯಲ್ಲಿ ಬದಲಾಗುವುದಿಲ್ಲವಲ್ಲ.

ಈ ರಟ್ಟಿನ ಕಾರ್ಡಿನ ಮೂಲ ಫ್ರಾನ್ಸಿನ ಲಿಯೋನ್. ಅಲ್ಲಿ 1725ರಲ್ಲಿ ಬಸೀಲ್ ಬೂಶೋ ತೂತು ಹೊಡೆದ ಕಾಗದದಿಂದ ಎಳೆ ಎತ್ತುವ ಉಪಾಯ ಕಂಡ. ಅದೇ ದಾರಿಯಲ್ಲಿ ಮುಂದೆ ನಡೆದು ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ತನ್ನ ಯಂತ್ರವನ್ನು ಸಿದ್ಧಪಡಿಸಿದ. ಜಕಾರ್ಡ್ ತೀರಿಕೊಂಡ ಮೇಲೆ 1839ರಲ್ಲಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ಕಾರ್ಡು ಸುಮಾರು 24,000. ಮುಖದ ಸುಕ್ಕು, ಅಂಗಿಯ ಮಡಿಕೆ, ಕಿಟಕಿಯ ಬೆಳಕು ಎಲ್ಲವೂ ಎಳೆಗಳ ನೆರಳೇ. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅದರ ಪ್ರತಿಯೊಂದನ್ನು ಮನೆಯಲ್ಲಿ ತೂಗುಹಾಕಿದ್ದ. ನೋಡಿದವರು ಅಚ್ಚಿನ ಚಿತ್ರವೆಂದೇ ತಿಳಿಯುತ್ತಿದ್ದರಂತೆ. ಆ ಬ್ಯಾಬೇಜನೇ ತನ್ನ ಲೆಕ್ಕದ ಯಂತ್ರಕ್ಕೆ ಮಗ್ಗದ ಕಾರ್ಡನ್ನು ಎರವಲು ಪಡೆಯಲು ಯೋಚಿಸಿದವನು. ಗಣಕದ ವಂಶಾವಳಿಯಲ್ಲಿ ಮಗ್ಗವೂ ಒಬ್ಬ ಹಿರಿಯ ಎನ್ನುವುದು ಹೀಗೆ.

ಕೊನೆಗೆ ಆ ನೆರಳಿನ ಲೆಕ್ಕವೂ ಗಣಕಕ್ಕೆ ಬಂದಿತು, ಆದರೆ ಬೇರೆ ಬಾಗಿಲಿನಿಂದ. ಕೊಡಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ 1973ರಲ್ಲಿ, ಕಪ್ಪು ಬಿಳಿ ಎರಡೇ ಚುಕ್ಕೆಗಳಿಂದ ಬೂದುಬಣ್ಣ ತೋರಿಸಲು ಚುಕ್ಕೆಗಳನ್ನು ಯಾವ ಕ್ರಮದಲ್ಲಿ ಚೆಲ್ಲಬೇಕೆಂದು ಲೆಕ್ಕ ಕೊಟ್ಟ. ಅವನ ಕೋಷ್ಟಕವನ್ನು ನೋಡಿದಾಗ ನನಗೆ ಕಂಡದ್ದು ಕಾಕಾನ ಸ್ಯಾಟಿನ್ನಿನ ದಾಯಾದಿ. 1984ರಲ್ಲಿ ಬಂದ ಮ್ಯಾಕಿಂಟಾಷ್ ಗಣಕದ ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕೆ, ಬಣ್ಣ ಎರಡೇ. ಅದಕ್ಕೆ ಚಿಕ್ಕ ಚಿತ್ರಗಳನ್ನು ಬರೆದ ಸೂಸನ್ ಕೇರ್ ಮೊದಲು ಚೌಕಳಿ ಪುಸ್ತಕ ಕೊಂಡು, 32ಕ್ಕೆ 32 ಮನೆ ಹಿಡಿದು ತುಂಬಿದಳು. 1989ರ ಗೇಮ್ ಬಾಯ್ ಆಟಿಕೆಯಲ್ಲಿ ಇದ್ದದ್ದು ನಾಲ್ಕೇ ಛಾಯೆ. ಅಷ್ಟರಲ್ಲೇ ಕಲಾವಿದರು ಗುಡ್ಡ, ಗುಹೆ, ಮೋಡ ಎಲ್ಲ ಕಾಣಿಸಿದರು.

ಈ ಚುಕ್ಕೆಚಿತ್ರ ಕಲಿಯುವ ಹುಡುಗರಿಗೆ ಇಂದು ಹೇಳುವ ಬುದ್ಧಿಮಾತುಗಳನ್ನು ಕೇಳಿ: ಬೆಳಕು ಒಂದೇ ಕಡೆಯಿಂದ ಬರಲಿ. ಅಂಚಿನ ಸುತ್ತ ಕಪ್ಪು, ನಡುವೆ ಬಿಳಿ ಎಂದು ಮಾಡಿದರೆ ಎಲ್ಲವೂ ತಲೆದಿಂಬಿನಂತೆ ಕಾಣುತ್ತದೆ. ಛಾಯೆಗಳು ಒಂದರ ಬೆನ್ನಿಗೊಂದು ಪಟ್ಟಿ ಕಟ್ಟದಿರಲಿ. ಛಾಯೆ ಕಡಿಮೆಯಿದ್ದಷ್ಟೂ ಒಂದೊಂದು ಚುಕ್ಕೆಯ ಹೊಣೆ ಹೆಚ್ಚು. ಇವುಗಳಲ್ಲಿ ನಮ್ಮ ಗ್ರಾಫಿನವರಿಗೆ ಹೊಸದು ಯಾವುದು? ನಮ್ಮ ಹೆಣ್ಣುಮಕ್ಕಳಿಗೂ ಹೊಸದಲ್ಲ. ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕುವವರು ಹಾಳೆಯನ್ನೂ ಮುಟ್ಟದೆ, ಬಟ್ಟೆಯ ಎಳೆಯನ್ನೇ ಎಣಿಸಿ, ಗವಂತಿ ಮತ್ತು ಮುರ್ಗಿಯಿಂದ ಗೆರೆ ಎಳೆದು, ನೇಗಿಯಿಂದ ತೆಳುವಾಗಿ, ಮೆಂತಿಯಿಂದ ದಟ್ಟವಾಗಿ ತುಂಬಿ ತೇರನ್ನೂ ಆನೆಯನ್ನೂ ನಿಲ್ಲಿಸಿದರು.

1983ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ರಟ್ಟಿಲ್ಲದ ವಿದ್ಯುನ್ಮಾನ ಜಕಾರ್ಡ್ ಕಾಣಿಸಿಕೊಂಡಿತು. ಈಗ ಗ್ರಾಫನ್ನೂ ಗಣಕವೇ ತುಂಬುತ್ತದೆ. ತಿಂಗಳ ಕೆಲಸ ತಾಸಿನಲ್ಲಿ ಮುಗಿಯುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಕಾಕಾನ ಕಣ್ಣು ಹೋದದ್ದು ಆ ಮನೆಗಳನ್ನು ತುಂಬಿಯೇ. ನನ್ನ ಸಂಕಟ ಬೇರೆ. ಜಕಾರ್ಡನ ರೇಷ್ಮೆಚಿತ್ರದ ಕೆಳಗೆ ಅದನ್ನು ನೇಯ್ದ ಕಾರ್ಕಿಲಾ ಎಂಬವನ ಹೆಸರನ್ನೂ ನೇಯ್ದಿದ್ದಾರೆ. ನಮ್ಮ ಸೀರೆಗಳ ದಡಿಯಲ್ಲಿ ಗ್ರಾಫ್ ತೆಗೆದವನ ಹೆಸರಿಲ್ಲ. ಅವನ ಹೆಸರು ಉಳಿಯಬಹುದಾದದ್ದು ಹಾಳೆಯ ಮೂಲೆಯಲ್ಲಿ ಮಾತ್ರ. ಆ ಹಾಳೆಗಳು ರದ್ದಿಗೆ ಹೋಗುತ್ತಿವೆ, ಕಾರ್ಡುಗಳು ನೀರೊಲೆಗೆ.

ಕಾಕಾ ತೀರಿದ ಮೇಲೆ ಅವರ ಟ್ರಂಕಿನಿಂದ ನನಗೆ ದಕ್ಕಿದ್ದು ಹನ್ನೊಂದು ಹಾಳೆ. ಮೊಬೈಲಿನಲ್ಲಿ ಆಟದ ಚಿತ್ರ ಬರೆಯುವ ಓಣಿಯ ಹುಡುಗನೊಬ್ಬ ಅವನ್ನು ನೋಡಿ, "ಇದರಾಗ ಬೆಳಕ ಮ್ಯಾಲಿಂದ ಯಾಕ ಬರತೈತ್ರಿ ಮಾಮಾ?" ಎಂದು ಕೇಳಿದ. ಸೀರೆಗೆ ಎರಡು ದಡಿ ಇರುವುದನ್ನು ತೋರಿಸಿ ಹೇಳಿದೆ. ಅವನು ಒಂದು ಹಾಳೆಯ ಫೋಟೋ ತೆಗೆದುಕೊಂಡ. ಮೂಲೆಯಲ್ಲಿದ್ದ ಹೆಸರೂ ಅದರಲ್ಲಿ ಬರುವಂತೆ ಹಾಳೆಯನ್ನು ನಾನೇ ಸರಿಸಿ ಹಿಡಿದೆ.