ಒಲೆಯಿಂದ ಇಳಿದ ಮೇಲೂ ಬೇಯುವ ಅನ್ನ

ಅನ್ನ ಬೇಯುವುದು ಬೆಂಕಿಯಿಂದಲೋ, ಬಿಸಿಯಿಂದಲೋ? ಮೇಲ್ನೋಟಕ್ಕೆ ಎರಡೂ ಒಂದೇ ಎಂದು ತೋರುತ್ತದೆ. ಆದರೆ ಎಸರು ಒಮ್ಮೆ ಕುದಿದ ಮೇಲೆ ಒಲೆಯ ಉರಿ ಮಾಡುವ ಕೆಲಸವೆಂದರೆ, ಪಾತ್ರೆಯ ಮೈಯಿಂದ ಗಾಳಿಗೆ ಸೋರಿಹೋಗುವ ಬಿಸಿಯನ್ನು ಮತ್ತೆ ತುಂಬಿಕೊಡುವುದು. ಆ ಸೋರಿಕೆಯನ್ನೇ ತಡೆದರೆ? ಆಗ ಉರಿಯ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಪಾತ್ರೆಗೆ ಅಂಗಿ ತೊಡಿಸಿ ಅಡುಗೆ ಮಾಡುವ ವಿದ್ಯೆಯ ಮೂಲಸೂತ್ರ ಇಷ್ಟೇ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗರಿಗೆ ಈ ಸೂತ್ರ ಹೊಸದೇನಲ್ಲ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕಿದಾಗ ಕಾಯಿ ಬಿಡುವ ಅನಿಲದ ಜೊತೆಗೆ ಅದರ ಕಾವೂ ಒಳಗೇ ಉಳಿಯುತ್ತದೆ. ಕುರಿ ಕಾಯುವವನ ಕಂಬಳಿ ಚಳಿಯನ್ನು ತಡೆಯುವುದೂ ಇದೇ ಕಾರಣಕ್ಕೆ. ಹುಲ್ಲಾಗಲಿ ಉಣ್ಣೆಯಾಗಲಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುತ್ತದೆ. ಅಲುಗಾಡದ ಗಾಳಿಯ ಮೂಲಕ ಬಿಸಿ ಸುಲಭವಾಗಿ ದಾಟಲಾರದು. ಹೊಲಕ್ಕೆ ಒಯ್ಯುವ ರಾಗಿಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ ಬುತ್ತಿ ಕಟ್ಟುವುದರಲ್ಲೂ ಇದೇ ತಿಳಿವಳಿಕೆ ಇದೆ.

ಇದನ್ನು ಅಡುಗೆಯ ಸಾಧನವಾಗಿ ಜಗತ್ತಿಗೆ ತೋರಿಸಿದವನು ನಾರ್ವೆಯ ಯೋಹಾನ್ ಸೋರೆನ್ಸೆನ್. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವನು ಒಳಗೋಡೆಗೆ ದಪ್ಪ ಹೊದಿಕೆಯಿದ್ದ ಪೆಟ್ಟಿಗೆಯೊಂದನ್ನು ಇಟ್ಟಿದ್ದ. ಕುದಿಸಿದ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಉಳಿದ ಬೇಯುವಿಕೆ ತಾನಾಗಿಯೇ ಮುಗಿಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಉರುವಲಿಗೆ ಬರ ಬಂದಾಗ ಬ್ರಿಟನ್ನಿನ ಸರ್ಕಾರ ಗೃಹಿಣಿಯರಿಗೆ ಒಣಹುಲ್ಲಿನ ಪೆಟ್ಟಿಗೆಯನ್ನು ಬಳಸಲು ಪ್ರೋತ್ಸಾಹ ನೀಡಿತು. ಭಾರತದಲ್ಲಿ ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ 1910ರಲ್ಲಿ ರೂಪಿಸಿದ ಇಕ್ಮಿಕ್ ಕುಕ್ಕರ್ ಇದರ ದಾಯಾದಿ ಎನ್ನಬಹುದು. ತಳದಲ್ಲಿ ಒಂದಿಷ್ಟು ಇದ್ದಿಲು, ಅದರ ಮೇಲೆ ಒಂದರ ಮೇಲೊಂದು ಡಬ್ಬಿ, ಸುತ್ತಲೂ ಕೊಳವೆಯಾಕಾರದ ಹೊರಕವಚ. ಪ್ರಯಾಣಿಕರಿಗೆ ಅದು ಅಚ್ಚುಮೆಚ್ಚಾಗಿತ್ತು.

ಕರ್ನಾಟಕದಲ್ಲಿ ಸೌದೆಯ ಪ್ರಶ್ನೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ. ಹಳ್ಳಿಗಳು ಬಳಸುವ ಶಕ್ತಿಯಲ್ಲಿ ಬಹುಪಾಲು ಅಡುಗೆಯ ಸೌದೆಯದೇ ಎಂಬುದನ್ನು ಅದರ ಅಧ್ಯಯನಗಳು ತೋರಿಸಿಕೊಟ್ಟವು. ಮೂರು ಕಲ್ಲಿನ ಒಲೆಯಲ್ಲಿ ಹುಟ್ಟುವ ಬಿಸಿಯಲ್ಲಿ ಪಾತ್ರೆಗೆ ದಕ್ಕುವುದು ಸ್ವಲ್ಪವೇ, ಮಿಕ್ಕದ್ದು ಗಾಳಿಪಾಲು. ‘ಅಸ್ತ್ರ ಒಲೆ’ ಹುಟ್ಟಿದ್ದು ಈ ನಷ್ಟವನ್ನು ತಡೆಯಲು. ಪಾತ್ರೆಯ ಅಂಗಿ ಅದೇ ಕೆಲಸವನ್ನು ಒಲೆಯ ಹೊರಗೆ ಮುಂದುವರಿಸುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇದು ಬರಿಯ ಉಳಿತಾಯದ ಮಾತಲ್ಲ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಅಂಚಿನಲ್ಲಿ ಸೌದೆಗೆ ಹೋಗುವುದೆಂದರೆ ಆನೆಯ ದಾರಿಗೆ ಅಡ್ಡ ಹೋದಂತೆ. 2016ರ ಉಜ್ವಲ ಯೋಜನೆಯಿಂದ ಅನಿಲ ಒಲೆ ಅನೇಕ ಬಡ ಮನೆಗಳನ್ನು ತಲುಪಿದರೂ ಸಿಲಿಂಡರ್ ಮತ್ತೆ ತುಂಬಿಸುವ ಖರ್ಚು ತಪ್ಪಿಲ್ಲ. ಇನ್ನು ಕಾಡಿನೊಳಗಿನ ಕಿಡಿ ಎಷ್ಟು ದುಬಾರಿ ಎಂಬುದನ್ನು 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆಯನ್ನು ಸುಟ್ಟ ಕಾಳ್ಗಿಚ್ಚು ತೋರಿಸಿತು.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಅಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಲ್ಲಿ ಬೆಂಕಿ ಹಚ್ಚುವುದಂತೂ ಕಾಡಿಗೆ ಅಪಾಯ. ಇಂಥ ಕಡೆಗೆ ಹೊರಟವರಿಗೆ ಪಾತ್ರೆಯ ಅಂಗಿ ನಿಜವಾದ ನೆಂಟ. ಊರಿನಲ್ಲಿ ಕುದಿಸಿ ಇಳಿಸಿದ ಅನ್ನ ದಾರಿಯಲ್ಲೇ ಬೇಯುತ್ತದೆ. ಬೆಟ್ಟದ ಮೇಲೆ ಒಲೆಯೇ ಬೇಕಿಲ್ಲ.

ಇದನ್ನು ಮನೆಯಲ್ಲೇ ಹೊಲಿಯಬಹುದು. ಬಿಗಿಯಾದ ಮುಚ್ಚಳವಿರುವ ಪಾತ್ರೆಯೊಂದನ್ನು ಆರಿಸಿಕೊಂಡು ಮೂರು ತುಂಡು ಕತ್ತರಿಸಬೇಕು: ತಳಕ್ಕೊಂದು ದುಂಡು, ಸುತ್ತಳತೆಗಿಂತ ಎರಡು ಬೆರಳು ಉದ್ದದ ಪಟ್ಟಿ, ಮೇಲಕ್ಕೆ ಟೋಪಿಯಂತೆ ಇಳಿಯುವ ಮುಚ್ಚಿಗೆ. ಹಳೆಯ ಕಂಬಳಿಯ ಎರಡು ಮಡಿಕೆ ಸಾಕು. ಹತ್ತಿಬಟ್ಟೆಯ ಒಳಪದರ ಹೊಲಿದರೆ ಉಣ್ಣೆ ಪಾತ್ರೆಗೆ ಅಂಟುವುದಿಲ್ಲ. ಕಾರಿನ ಗಾಜಿಗೆ ಒಡ್ಡುವ ಬೆಳ್ಳಿಬಣ್ಣದ ಹಾಳೆಯೂ ಆಗುತ್ತದೆ. ಅದು ಹಗುರ, ಅದರ ಹೊಳಪು ಬಿಸಿಯನ್ನು ಒಳಕ್ಕೇ ತಿರುಗಿಸುತ್ತದೆ. ಅಂಗಿ ಒದ್ದೆಯಾದರೆ ಮಾತ್ರ ಗಾಳಿಯ ಜಾಗದಲ್ಲಿ ನೀರು ನಿಂತು ಪ್ರಯೋಜನ ಕೆಡುತ್ತದೆ.

ಅಕ್ಕಿ ಐದು ನಿಮಿಷ ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಅಂಗಿ ತೊಡಿಸಿದರೆ ಮುಕ್ಕಾಲು ಗಂಟೆಯ ಹೊತ್ತಿಗೆ ಅನ್ನ ಸಿದ್ಧ. ಅಂಗಿ ತೊಟ್ಟ ಪಾತ್ರೆಯನ್ನು ಎಂದೂ ಉರಿಯ ಮೇಲೆ ಇಡಬಾರದು. ಸಣ್ಣ ಪಾತ್ರೆ ಬೇಗ ಆರುವುದರಿಂದ ಒಬ್ಬರ ಅಡುಗೆಗೆ ರವೆ, ನೆನೆಸಿದ ಹೆಸರುಬೇಳೆಯಂಥವು ಲೇಸು. ಮುದ್ದೆಗೆ ಮಾತ್ರ ಇದು ಒಗ್ಗದು. ಅದನ್ನು ಉರಿಯ ಮೇಲೇ ತೊಳೆಸಬೇಕು. ಬಿಸಿ ಸುಮಾರು 60 ಡಿಗ್ರಿಗಿಂತ ಕೆಳಗಿಳಿದರೆ ಅನ್ನವನ್ನು ಹಳಸುವ ಸೂಕ್ಷ್ಮಜೀವಿಗಳು ಬೆಳೆಯತೊಡಗುತ್ತವೆ. ಆದ್ದರಿಂದ ಬೆಳಗಿನ ಅಡುಗೆಯನ್ನು ಸಂಜೆಯವರೆಗೆ ಅಂಗಿಯೊಳಗೆ ಬಿಡದೆ, ಎರಡು ಮೂರು ಗಂಟೆಯೊಳಗೆ, ಇನ್ನೂ ಹಬೆಯಾಡುತ್ತಿರುವಾಗಲೇ ಉಣ್ಣಬೇಕು.

ಒಂದು ಹಳೆಯ ಕಂಬಳಿ ಕಾಡನ್ನು ಉಳಿಸಿಬಿಡುತ್ತದೆ ಎಂದರೆ ಅತಿಶಯೋಕ್ತಿಯಾದೀತು. ಆದರೆ ದಿನವೂ ಅರ್ಧ ಗಂಟೆಯ ಉರಿ ಉಳಿದರೆ ಒಂದಷ್ಟು ಸೌದೆ ಉಳಿಯುತ್ತದೆ, ಅಡುಗೆ ಮಾಡುವವಳು ಕುಡಿಯುವ ಹೊಗೆ ತಗ್ಗುತ್ತದೆ, ಕಾಡಿನ ಕಡೆಗೆ ಹೋಗುವ ಸರದಿಯೂ ಅಪರೂಪವಾಗುತ್ತದೆ. ಕಾಡಂಚಿನ ಮನೆಗೆ ಅದು ಸಣ್ಣ ಲಾಭವಲ್ಲ.