ಮನೆ ಎಳೆಯುವ ಲಾರಿ

1914ರಲ್ಲಿ ಡೆಟ್ರಾಯಿಟ್‌ನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿಗೆ ತನ್ನ ದೋಣಿಯನ್ನು ಮಿಷಿಗನ್‌ನ ಉತ್ತರ ಭಾಗದಲ್ಲಿದ್ದ ಬೇಸಿಗೆಯ ಬಿಡಾರಕ್ಕೆ ಒಯ್ಯಬೇಕಿತ್ತು. ಊರಿನ ಕಮ್ಮಾರ ಆಗಸ್ಟ್ ಫ್ರುಹಾಫ್‌ನ ಬಳಿಗೆ ಹೋಗಿ, ಫೋರ್ಡ್ ಮಾಡೆಲ್ ಟಿ ಕಾರು ಎಳೆಯುವಂಥ ಗಾಡಿಯೊಂದನ್ನು ಮಾಡಿಕೊಡಲು ಕೇಳಿದ. ಫ್ರುಹಾಫ್ ಕಟ್ಟಿದ ಗಾಡಿಯ ಹಿಂಭಾರ ತನ್ನದೇ ಚಕ್ರಗಳ ಮೇಲಿತ್ತು, ಮುಂಭಾರ ಕಾರಿನ ಮೇಲೆ ಕೂತಿತ್ತು. ಅದನ್ನು ಅವನು ಸೆಮಿಟ್ರೇಲರ್ ಎಂದು ಕರೆದ. ಸಿಬ್ಲಿಗೆ ಎಷ್ಟು ಹಿಡಿಸಿತೆಂದರೆ, ಮರ ಸಾಗಿಸಲೂ ಅಂಥವೇ ಗಾಡಿಗಳನ್ನು ಮಾಡಿಸಿಕೊಂಡ. 1918ರಲ್ಲಿ ಫ್ರುಹಾಫ್ ಟ್ರೇಲರ್ ಕಂಪನಿ ತಲೆ ಎತ್ತಿತು.

ರಜೆಗೆಂದು ಹುಟ್ಟಿದ ಗಾಡಿಯನ್ನು ಸರಕಿನ ಲಾರಿಗಳು ತಮ್ಮದಾಗಿಸಿಕೊಂಡವು. ನೂರು ವರ್ಷ ತುಂಬುವುದರೊಳಗೆ ಕೊಟ್ಟದ್ದು ಮರಳಿ ಬಂತು. ಇಂದು ಅಮೆರಿಕದ ಹೆದ್ದಾರಿಗಳಲ್ಲಿ ನಿವೃತ್ತ ದಂಪತಿಗಳು ವರ್ಷಗಟ್ಟಲೆ ಸರಕು ಎಳೆದು ಬಂದ ವೋಲ್ವೊ, ಫ್ರೈಟ್‌ಲೈನರ್ ಲಾರಿಗಳನ್ನು ಕೊಂಡು, ಅವಕ್ಕೆ ತಮ್ಮ ಮನೆಯನ್ನೇ ಕಟ್ಟಿಕೊಂಡು ಊರೂರು ತಿರುಗುತ್ತಾರೆ. ನೋಡಿದವರಿಗೆ ಇದು ಅತಿಯೆನಿಸಬಹುದು. ಆದರೆ ಚಕ್ರದ ಮನೆಗಳ ಚರಿತ್ರೆಯಲ್ಲಿ ಪ್ರತಿ ಸಲವೂ ಮೊದಲು ಮನೆ ದೊಡ್ಡದಾಗಿದೆ. ಎಳೆಯುವ ಗಾಡಿ ಏದುಸಿರು ಬಿಡುತ್ತಾ ಆಮೇಲೆ ಅದಕ್ಕೆ ಸರಿಸಾಟಿಯಾಗಿದೆ.

ಭಾರದ ಮನೆಗಳನ್ನು ಯಂತ್ರಕ್ಕೆ ಕಟ್ಟಿ ಎಳೆದವರಲ್ಲಿ ಬ್ರಿಟನ್ನಿನ ಜಾತ್ರೆಯ ಜನ ಮೊದಲಿಗರು. ರಾಟೆತೊಟ್ಟಿಲು, ತಿರುಗುವ ಕುದುರೆಗಳ ಜೊತೆಗೆ ಸಂಸಾರವಿದ್ದ ಗಾಡಿಯೂ ಊರಿಂದೂರಿಗೆ ಸಾಗಬೇಕಿತ್ತು. ಥೆಟ್‌ಫರ್ಡ್‌ನ ಬರೆಲ್ ಕಾರ್ಖಾನೆಯ ಹಬೆ ಎಂಜಿನ್ನುಗಳು ಹಗಲು ಈ ಸಾಲನ್ನು ಎಳೆದು, ರಾತ್ರಿ ಡೈನಮೊ ತಿರುಗಿಸಿ ಜಾತ್ರೆಗೆ ಬೆಳಕು ಕೊಡುತ್ತಿದ್ದವು. ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ ಸ್ಕ್ಯಾಮೆಲ್ ಕಂಪನಿ ಅದೇ ಎರಡೂ ಕೆಲಸಕ್ಕೆಂದು ‘ಶೋಟ್ರ್ಯಾಕ್’ ಎಂಬ ಡೀಸೆಲ್ ಲಾರಿ ತಯಾರಿಸಿತು. ತಯಾರಾದದ್ದು 18 ಮಾತ್ರ. ಜಾತ್ರೆಯವರಿಗೆ ಮನೆ ಎಳೆಯುವುದು ಹವ್ಯಾಸವಲ್ಲ, ಹೊಟ್ಟೆಪಾಡು.

ಅಮೆರಿಕದಲ್ಲಿ ಮನೆಯನ್ನು ಕಾರಿಗೆ ಜೋಡಿಸುವ ಕಷ್ಟಕ್ಕೆ ಕೈಹಾಕಿದವನು ವಿಮಾನ ಕಟ್ಟಿ ಹೆಸರಾದ ಗ್ಲೆನ್ ಕರ್ಟಿಸ್. 1920ರ ದಶಕದ ಕೊನೆಗೆ ಫ್ಲಾರಿಡಾದಲ್ಲಿ ಅವನು ತಯಾರಿಸಿದ ‘ಏರೊಕಾರ್’ ಟ್ರೇಲರ್‌ನ ಮೈ ವಿಮಾನದ ಒಡಲಿನಂತೆ ಹಗುರಾಗಿತ್ತು. ಕಾರಿನ ಹಿಂಭಾಗದಲ್ಲಿ ವಿಮಾನದ ಚಕ್ರವೊಂದನ್ನು ಮಲಗಿಸಿ, ಟ್ರೇಲರ್‌ನ ಪಿನ್ನು ಅದರ ನಡುವೆ ಕೂರುವಂತೆ ಮಾಡಿದ್ದ. ರಸ್ತೆಯ ಕುಲುಕಾಟವನ್ನು ಟೈರಿನೊಳಗಿನ ಗಾಳಿಯೇ ನುಂಗುತ್ತಿತ್ತು.

1938ರಲ್ಲಿ ಇಟಲಿಯ ಅನ್ವೇಷಕ ಅಟಿಲಿಯೊ ಗಾಟಿ ಬೆಲ್ಜಿಯನ್ ಕಾಂಗೊಗೆ ಹೊರಟಾಗ ಕಾರಿನ ಮಾತೇ ಇರಲಿಲ್ಲ. ಅವನ ಎರಡು ‘ಜಂಗಲ್ ಯಾಟ್’ ಮನೆಗಳನ್ನು ಎಳೆದದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಲಾರಿಗಳು. ವಿನ್ಯಾಸ ಅಲೆಕ್ಸಿಸ್ ಡಿ ಸಾಖ್ನೋಫ್‌ಸ್ಕಿಯದು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಸೇರಿಸಿದರೆ ಐದು ಕೋಣೆಗಳ ಮನೆ. ವಾಸದ ಟ್ರೇಲರ್‌ಗೆ ನಿಜವಾದ ಲಾರಿ ಬೇಕೆಂದು ಇಷ್ಟು ನೇರವಾಗಿ ಒಪ್ಪಿಕೊಂಡದ್ದು ಆ ಕಾಲಕ್ಕೆ ಅಪರೂಪ. 1959ರಲ್ಲಿ ಏರ್‌ಸ್ಟ್ರೀಮ್ ಟ್ರೇಲರ್ ಕಂಪನಿಯ ವಾಲಿ ಬಯಮ್ 41 ಟ್ರೇಲರ್‌ಗಳ ದಂಡು ಕಟ್ಟಿಕೊಂಡು ಕೇಪ್‌ಟೌನ್‌ನಿಂದ ಕೈರೊವರೆಗೆ ಹೋದ. ಅವು ಹಗುರ ಅಲ್ಯೂಮಿನಿಯಂ ಮೈಯವು. ಪಿಕಪ್‌ಗಳಿಗೆ ಎಳೆಯಲು ಸಾಧ್ಯವಾಯಿತು.

ಎಳೆಯುವುದು ಅರ್ಧ ಕೆಲಸ. ಉಳಿದರ್ಧ ನಿಲ್ಲಿಸುವುದು.

1931ರಲ್ಲಿ ಕ್ಲೆಸಿ ಕಮಿನ್ಸ್ ತನ್ನ ಡೀಸೆಲ್ ಎಂಜಿನ್ನಿನ ತಾಕತ್ತು ತೋರಿಸಲು ಲಾರಿಯೊಂದನ್ನು ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಓಡಿಸಿದ. ಕ್ಯಾಲಿಫೋರ್ನಿಯಾದ ಕಹೋನ್ ಘಾಟಿ ಇಳಿಯುವಾಗ ಬ್ರೇಕ್ ಕಾದು ಹಿಡಿತ ತಪ್ಪಿತು. ಕೆಳಗೆ ಗೂಡ್ಸ್ ರೈಲು ರಸ್ತೆ ದಾಟುತ್ತಿತ್ತು. ಕೂದಲೆಳೆಯಲ್ಲಿ ಪಾರಾದ ಕಮಿನ್ಸ್ ಅದನ್ನು ಮರೆಯಲಿಲ್ಲ. ಶಿರಾಡಿ ಘಾಟಿ ಇಳಿಸುವ ನಮ್ಮ ಲಾರಿ ಡ್ರೈವರ್‌ಗಳು ಏರಿದ ಗೇರಿನಲ್ಲೇ ಇಳಿಯಬೇಕು ಎನ್ನುತ್ತಾರಲ್ಲ, ಆ ತಿಳಿವಳಿಕೆಯ ಮುಂದಿನ ಹೆಜ್ಜೆ ಅವನದು. ಪಿಸ್ಟನ್ ಗಾಳಿಯನ್ನು ಅದುಮಿ ತುದಿ ಮುಟ್ಟುವ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ತೆರೆದುಬಿಟ್ಟರೆ, ಅದುಮಿದ ಗಾಳಿ ಹೊರಗೆ ಹೋಗುತ್ತದೆ. ಪಿಸ್ಟನ್ನನ್ನು ಮರಳಿ ತಳ್ಳುವ ಬಲ ಉಳಿಯುವುದಿಲ್ಲ. ಎಂಜಿನ್ನೇ ಬ್ರೇಕಾಗುತ್ತದೆ. 1961ರಿಂದ ಜೇಕಬ್ಸ್ ಕಂಪನಿ ಇದನ್ನು ತಯಾರಿಸಿ ಮಾರಿತು. ಡ್ರೈವರ್‌ಗಳ ಬಾಯಲ್ಲಿ ಅದು ‘ಜೇಕ್ ಬ್ರೇಕ್’.

ಅದೇ ಕಮಿನ್ಸ್ ಹೆಸರಿನ 5.9 ಲೀಟರ್ ಡೀಸೆಲ್ ಎಂಜಿನ್ 1989ರ ಡಾಜ್ ಪಿಕಪ್‌ಗೆ ಬಂತು. 160 ಅಶ್ವಶಕ್ತಿ ಈಗ ಸಣ್ಣದೆನಿಸಬಹುದು, ಆದರೆ ಅದರ ತಿರುಚುಬಲಕ್ಕೆ ಟ್ರೇಲರ್ ಎಳೆಯುವವರು ಮನಸೋತರು. ಮರುವರ್ಷವೇ ಇಂಡಿಯಾನಾದ ನ್ಯೂಮಾರ್ ಕಂಪನಿ, ನಿಂತಾಗ ಗೋಡೆಯೇ ಹೊರಗೆ ಸರಿದು ಕೋಣೆ ಅಗಲವಾಗುವ ‘ಸ್ಲೈಡ್‌ಔಟ್’ ತಂದಿತು. ಎಲ್ಲರಿಗೂ ಅದು ಬೇಕೆನಿಸಿತು. ಒಂದಿದ್ದದ್ದು ಮೂರು, ನಾಲ್ಕಾಯಿತು. ಜೊತೆಗೆ ಮೋಟರು, ಹಳಿ, ಬಲವಾದ ಚಾಸಿಸ್. ವಾಷಿಂಗ್ ಮೆಷಿನ್, ದೊಡ್ಡ ಫ್ರಿಜ್, ಹಿಂದೆ ಮೋಟಾರ್‌ಸೈಕಲ್ಲಿಗೊಂದು ಗ್ಯಾರೇಜು ಸೇರಿದವು. 40 ಅಡಿ ಮೀರಿದ, ತುಂಬಿದಾಗ 20 ಸಾವಿರ ಪೌಂಡ್, ಅಂದರೆ 9 ಟನ್ ದಾಟುವ ಮನೆಗಳು ರಸ್ತೆಗಿಳಿದವು. ಪಿಕಪ್ ಏರು ಹತ್ತಿಸೀತು. ಇಳಿಜಾರಿನಲ್ಲಿ ತನಗಿಂತ ಎರಡು ಪಟ್ಟು ತೂಗುವ ಮನೆ ಹಿಂದಿನಿಂದ ನೂಕುವಾಗ ಅದರ ಕಷ್ಟ ಬೇರೆ.

ಹೀಗೆ ಕೆಲವರು ಮಧ್ಯಮ ಭಾರದ ಫ್ರೈಟ್‌ಲೈನರ್ ಎಂ2, ಜಿಎಂಸಿ ಟಾಪ್‌ಕಿಕ್‌ಗಳಿಗೆ ಹೋದರೆ, ಇನ್ನು ಕೆಲವರು ನೇರವಾಗಿ 33 ಸಾವಿರ ಪೌಂಡ್ ಮೀರಿದ 8ನೇ ದರ್ಜೆಯ ಲಾರಿಗಳಿಗೇ ಕೈಹಾಕಿದರು. ಲಕ್ಷಾಂತರ ಮೈಲಿ ಓಡಿದ ವೋಲ್ವೊ ಲಾರಿ ಹಲವು ಸಲ ಹೊಸ ಪಿಕಪ್‌ಗಿಂತ ಅಗ್ಗಕ್ಕೆ ಸಿಗುತ್ತದೆ. ಕೊಂಡ ಮೇಲೆ ಅದನ್ನು ‘ಸಿಂಗಲ್’ ಮಾಡಿಸುವವರಿದ್ದಾರೆ: ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದನ್ನು ತೆಗೆಸಿದರೆ ಲಾರಿ ಸುಲಭವಾಗಿ ತಿರುಗುತ್ತದೆ. ಸರಕಿನ ಟ್ರೇಲರ್‌ಗೂ ಮನೆಗೂ ಜೋಡಣೆಯ ಕಿಂಗ್‌ಪಿನ್ 2 ಇಂಚಿನದೇ, ಆದರೆ ಎತ್ತರ ಹೊಂದುವುದಿಲ್ಲ, ಲಾರಿಯ ಮೇಲೆ ಅದನ್ನು ಹಿಡಿಯುವ ಹಿಚ್ ತಗ್ಗಿಸಬೇಕು. ಹತ್ತಾರು ಟನ್ನಿಗೆಂದು ಮಾಡಿದ ಲಾರಿ 9 ಟನ್ನಿನ ಮನೆಯನ್ನು ಒದರಿ ಸಡಿಲ ಮಾಡೀತು, ಹಾಗಾಗಿ ಗಾಳಿಚೀಲದ ಹಿಚ್ ಬೇಕು. ಕರ್ಟಿಸ್‌ನ ವಿಮಾನದ ಟೈರು ಮಾಡುತ್ತಿದ್ದ ಕೆಲಸವೇ ಇದು. ಲಾರಿಗೆ ಏರ್ ಬ್ರೇಕ್, ಮನೆಗೆ ವಿದ್ಯುತ್ ಬ್ರೇಕ್. ಪೆಡಲ್ ಒತ್ತಿದಾಗ ಏರುವ ಗಾಳಿಯ ಒತ್ತಡವನ್ನು ಅಳೆದು, ಅದಕ್ಕೆ ತಕ್ಕಷ್ಟು ಕರೆಂಟನ್ನು ಟ್ರೇಲರ್‌ಗೆ ಕಳಿಸುವ ಕಂಟ್ರೋಲರ್ ಕೂರಿಸಬೇಕು. ಕ್ಯಾಬಿನ್ ಹಿಂದೆ ಕಬ್ಬಿಣದ ಅಟ್ಟ ಕಟ್ಟಿಸಿ, ಪುಟ್ಟ ಸ್ಮಾರ್ಟ್ ಕಾರನ್ನು ಅದರ ಮೇಲೆ ಅಡ್ಡಲಾಗಿ ಹತ್ತಿಸಿದರೆ ಬಿಡಾರ ಹೂಡಿದ ಊರಲ್ಲಿ ದಿನಸಿ ತರಲು ಗಾಡಿಯೂ ಆಯಿತು.

ತೊಡಕುಗಳೂ ಇವೆ. ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಈ ಉದ್ದ ತಿರುಗಿಸಲು ಜಾಗವಿಲ್ಲ. ವಿಮೆ ಕೊಡಲು ಕಂಪನಿಗಳು ಹಿಂಜರಿಯುತ್ತವೆ. ಮಲಗುವ ಕ್ಯಾಬಿನ್‌ನಲ್ಲಿ ಅಡುಗೆ, ಫ್ರಿಜ್, ನೀರು, ಶೌಚಾಲಯದಂಥ ಸೌಕರ್ಯ ಕೂರಿಸಿದರೆ ಕೆಲವು ರಾಜ್ಯಗಳು ಲಾರಿಯನ್ನು ಮೋಟರ್‌ಹೋಮ್ ಎಂದು ನೋಂದಾಯಿಸುತ್ತವೆ, ಕೆಲವು ಒಪ್ಪುವುದಿಲ್ಲ.

ಲೈಸೆನ್ಸ್ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ದಾರಿ ಸರಿಯಾದದ್ದು. ಅಲ್ಲಿ 15 ಸಾವಿರ ಪೌಂಡ್ ಮೀರಿದ ಮನೆ ಎಳೆಯಲು, ಬಾಡಿಗೆಗಲ್ಲದಿದ್ದರೂ, ಎ ವರ್ಗದ ಲೈಸೆನ್ಸ್ ಬೇಕೇ ಬೇಕು, ಪರೀಕ್ಷೆ ಕೊಡಲೇಬೇಕು. ಸಾಮಾನ್ಯ ಕಾರ್ ಲೈಸೆನ್ಸಿನಲ್ಲೇ ಇಷ್ಟು ತೂಕ ಬಿಡುವ ರಾಜ್ಯಗಳು ಈ ನಿಯಮವನ್ನು ನೋಡಿ ಕಲಿಯಬೇಕು. ಲಾರಿಯಲ್ಲಿ ಮನೆ ಎಳೆಯುವವರೇನೂ ಸರ್ಕಾರಕ್ಕೆ ಕಾದು ಕೂತಿಲ್ಲ. ಕ್ಯಾನ್ಸಸ್‌ನ ಹಚಿನ್‌ಸನ್‌ನಲ್ಲಿ ಅವರ ಸಮಾವೇಶಗಳು ನಡೆದಿವೆ. ಹಳಬರ ಲಾರಿಗಳ ಅಟ್ಟ, ಹಿಚ್, ಬ್ರೇಕಿನ ಜೋಡಣೆಯನ್ನು ಹೊಸಬರು ಅಲ್ಲಿ ಹತ್ತಿರದಿಂದ ನೋಡಿ ಕಲಿಯುತ್ತಾರೆ.